ಸಾರಿನ ಮೂಳೆ

ಸಾಸೆಬೊ
೫ ನವೆಂಬರ್ ೨೦೧೬

ಕಮಿಜೊ ಸಾನ್ ಅವರಿಗೆ,

ಇಲ್ಲಿ ಕಿತ್ತಳೆ ಹಣ್ಣಾಗುವ ಕಾಲ. ನಿಮ್ಮ ಮಾತ್ಸುಮೊತೊದಲ್ಲಿ ಆಗಲೇ ಒಲೆ ಹೊತ್ತಿಸಿರಬೇಕು.

ನಾನು ಇವಾನಗ ಸುಮಿಯೊ, ತಮೊತ್ಸು ಅವರ ಹೆಂಡತಿ. ನಿಮ್ಮನ್ನು ಒಂದೇ ಒಂದು ಸಲ ನೋಡಿದ್ದೇನೆ. ಇವರು ನಿಮ್ಮ ಕಾರ್ಖಾನೆ ಬಿಟ್ಟು ಹೊರಟ ದಿನ ನೀವು ರೈಲ್ವೆ ನಿಲ್ದಾಣದ ಹೊರಗೆ ಸೈಕಲ್ಲಿಗೆ ಒರಗಿ ನಿಂತಿದ್ದಿರಿ. ಒಳಗೆ ಬರಲಿಲ್ಲ, ಹಾಗಾಗಿ ಮಾತಾಡಿರಲಿಲ್ಲ.

ನಿಮ್ಮಲ್ಲೇ ತಯಾರಾದ ಬೇಸ್ ಗಿಟಾರನ್ನು ಇವತ್ತು ಪಾರ್ಸೆಲ್ ಮಾಡಿದ್ದೇನೆ. ಮದುವೆಯಾದ ಹೊಸದರಲ್ಲಿ ಇವರು ನನಗೆ ಕೊಟ್ಟದ್ದು. ಅಂದಿನಿಂದ ನುಡಿಸುತ್ತಿರುವುದು ನಾನೇ. ಬಂದರಿನ ಹತ್ತಿರ ಒಂದು ಪುಟ್ಟ ಬಾರಿನಲ್ಲಿ ಶನಿವಾರದ ಸಂಜೆ ನಾವು ಮೂರು ಜನ ನುಡಿಸುತ್ತೇವೆ. ಕುಡಿಯುವವರ ಮಾತು ನಿಲ್ಲುವಷ್ಟು ದೊಡ್ಡವರೇನಲ್ಲ.

ತೊಂದರೆ ಇಷ್ಟೇ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊತ್ತುಕೊಂಡು ಅಡ್ಡಕ್ಕೆ ಒಂದು ಪಟ್ಟಿ ಕೂತಿರುತ್ತದಲ್ಲ, ನೀವು ನಟ್ಟು ಎನ್ನುವುದು, ಅದು ಹೋದ ಚಳಿಗಾಲದಲ್ಲಿ ಸೀಳಿತು. ಇವರು ಹಾಸಿಗೆಯ ಮೇಲೆ ಕೂತು ಮೂಳೆಯಲ್ಲಿ ಹೊಸದೊಂದನ್ನು ಮಾಡಿ ಕೂರಿಸಿದರು. ಉಳಿದದ್ದೆಲ್ಲ ಸರಿ. ಎಲ್ಲಕ್ಕಿಂತ ದಪ್ಪ ತಂತಿಯ ಕಚ್ಚು ಮಾತ್ರ ಆಳಕ್ಕೆ ಇಳಿದಿದೆ. ಆ ತಂತಿಯನ್ನು ಬೆರಳಿಡದೆ ಮೀಟಿದರೆ ಜರ್ರ್ ಎನ್ನುತ್ತದೆ. ಮೊದಲ ಮೆಟ್ಟಿನಲ್ಲಿ ಒತ್ತಿ ಹಿಡಿದರೆ ಸದ್ದಿಲ್ಲ. ಆ ಒಂದು ಕಚ್ಚನ್ನು ತುಂಬಿಸಿ ಸರಿ ಮಾಡಿಕೊಡುತ್ತೀರಾ? ಇಲ್ಲಿಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಮಾರ್ಚ್ ಒಂಬತ್ತಕ್ಕೆ ಒಂದು ಕಡೆ ಇದನ್ನು ನುಡಿಸಲೇಬೇಕಾಗಿದೆ. ಅದಕ್ಕೆ ಮುಂಚೆ ಬಂದರೆ ಉಪಕಾರವಾಗುತ್ತದೆ. ಪೆಟ್ಟಿಗೆಯ ಸಂದಿಯಲ್ಲಿ ಒಂದಿಷ್ಟು ಕಿತ್ತಳೆ ಇಟ್ಟಿದ್ದೇನೆ.

ಇವಾನಗ ಸುಮಿಯೊ


ಮಾತ್ಸುಮೊತೊ
೧೪ ನವೆಂಬರ್ ೨೦೧೬

ಸುಮಿಯೊ ಸಾನ್,

ಬೆಟ್ಟಗಳ ತಲೆ ಬೆಳ್ಳಗಾಗಿದೆ. ಒಲೆ ಹೊತ್ತಿಸಿ ವಾರವಾಯಿತು. ಕಿತ್ತಳೆ ಬಂದ ದಿನವೇ ಖಾಲಿ.

ಪೆಟ್ಟಿಗೆ ಬಿಚ್ಚಿದ ತಕ್ಷಣ ಗುರುತು ಸಿಕ್ಕಿತು. ಕತ್ತು ನಾನು ಕೆತ್ತಿದ್ದು, ಒಡಲು ತಮೊತ್ಸುವಿನದು, ಬೆನ್ನ ಮೇಲೆ ನಮ್ಮಪ್ಪನ ಮುದ್ರೆ. ನಾವಿಬ್ಬರೂ ಸೇರಿ ಮಾಡಿದ ಕೊನೆಯ ವಾದ್ಯ ಇದೇ ಇರಬೇಕು. ಮರ ಒಳ್ಳೆಯ ಬಣ್ಣಕ್ಕೆ ತಿರುಗಿದೆ. ಚೆನ್ನಾಗಿ ನೋಡಿಕೊಂಡಿದ್ದೀರಿ.

ಆದರೆ ಈ ನಟ್ಟು! ಸುಮಿಯೊ ಸಾನ್, ನಿಮ್ಮ ಗಂಡನಿಗೆ ನನ್ನ ಪರವಾಗಿ ಕೇಳಿ: ಇದನ್ನು ಕೊರೆದದ್ದು ಕೈಯಲ್ಲೋ ಕಾಲಲ್ಲೋ? ಒಂದು ಬದಿ ದಪ್ಪ, ಒಂದು ಬದಿ ತೆಳು. ಕಚ್ಚುಗಳು ಒಂದೊಂದು ಒಂದೊಂದು ದಿಕ್ಕಿಗೆ. ಮೂಳೆಯಂತೂ ಸಾರಿನ ಪಾತ್ರೆಯಿಂದ ಎತ್ತಿದ ಹಾಗಿದೆ. ಕೊಬ್ಬು ಬಿಟ್ಟೇ ಇಲ್ಲ, ಉಗುರು ತಾಗಿಸಿದರೆ ಜಿಡ್ಡು. ನಮ್ಮಪ್ಪ ನನ್ನೆದುರಿಗೇ, ‘ಕೈ ಅಂದ್ರೆ ತಮೊತ್ಸುದು ಕಣೋ, ನಿಂದೂ ಇದೆ ದಂಡಕ್ಕೆ’ ಎನ್ನುತ್ತಿದ್ದರು. ಅವರು ಇದನ್ನು ನೋಡಬೇಕಿತ್ತು. ಹಾಸಿಗೆಯ ಮೇಲೆ ಕೂತು ಮಾಡಿದನಂತೆ. ಮೊದಲಿಂದಲೂ ಅವನಿಗೆ ಬೆಂಚಿನ ಮೇಲೆ ಕೂರಲು ಮೈಬಗ್ಗುತ್ತಿರಲಿಲ್ಲ.

ಈಗ ಕೆಲಸದ ಮಾತು. ತುಂಬಿಸಲು ಆಗದೆ ಇಲ್ಲ. ಮೂಳೆಯ ಪುಡಿ ಹಾಕಿ, ಒಂದು ಹನಿ ಅಂಟು ಬಿಟ್ಟು, ಒಣಗಿದ ಮೇಲೆ ಹೊಸದಾಗಿ ಕಚ್ಚು ಹಾಕುವುದು. ಆದರೆ ಕೊಬ್ಬು ಕುಡಿದ ಮೂಳೆಗೆ ಅಂಟು ಕಚ್ಚುವುದಿಲ್ಲ, ಸ್ವಲ್ಪ ಕಾಲಕ್ಕೆ ಉದುರುತ್ತದೆ. ಬದಲಾಯಿಸುವುದೇ ಸರಿ. ಯಾವುದರಲ್ಲಿ ಎನ್ನುವುದು ಪ್ರಶ್ನೆ. ಪ್ಲಾಸ್ಟಿಕ್ಕಿನ ಮಾತೇ ಬೇಡ, ಅದರ ದನಿ ಕಂಬಳಿ ಹೊದ್ದು ಮಾತಾಡಿದಂತೆ. ಹದ ಮಾಡಿದ ಮೂಳೆ ಒಳ್ಳೆಯದೇ. ನಾಲ್ಕು ತಂತಿಗೂ ಸಮನಾಗಿ ಮಾತು ಕೊಡುತ್ತದೆ, ಬೆಚ್ಚಗಿರುತ್ತದೆ. ನಾನೇ ಈಗ ಹೆಚ್ಚಾಗಿ ಅದನ್ನೇ ಹಾಕುವುದು, ಅವನಿಗೆ ಮಾತ್ರ ಹೇಳಬೇಡಿ. ಆದರೆ ಈ ಗಿಟಾರಿಗೆ ಹಿತ್ತಾಳೆಯೇ ಆಗಬೇಕು. ಇದು ಹುಟ್ಟಿದ್ದು ಹಿತ್ತಾಳೆಯ ನಟ್ಟಿನ ಜೊತೆ. ಅವನು ಸಾಸೆಬೊಗೆ ಕಾಲಿಟ್ಟ ವಾರವೇ ಅದನ್ನು ಕಿತ್ತು ಮೂಳೆ ಹಾಕಿದ ಎಂದು ಆಗಲೇ ಕೇಳಿದ್ದೆ.

ನಮ್ಮಿಬ್ಬರ ಜಗಳ ಅದೇ ಎಂದು ನಿಮಗೆ ಗೊತ್ತಿರಬಹುದು. ಆ ಕಾಲಕ್ಕೆ ಎಲ್ಲರೂ ಹಿತ್ತಾಳೆ ಕೇಳುತ್ತಿದ್ದರು. ‘ಹಿತ್ತಾಳೆ ಹಾಕಿದ್ರೆ ಗಿಟಾರಿಗೆ ಬಾಯಿ ಬರತ್ತೆ’ ಎಂದೆ ನಾನು. ‘ಬಾಯಿ ಬರತ್ತೆ, ಗಂಟಲು ಹೋಗತ್ತೆ’ ಎಂದ ಅವನು. ನಮ್ಮಪ್ಪ ನನ್ನ ಕಡೆ ಆದರು. ಜೀವನದಲ್ಲಿ ಅದೊಂದೇ ಸಲ. ಇಷ್ಟಕ್ಕೇ ಒಬ್ಬ ಗಂಡಸು ಊರು ಬಿಟ್ಟು ಹೋಗುತ್ತಾನೆಯೆ?

ಈ ವರ್ಷದ ಹೊಸವರ್ಷದ ಕಾರ್ಡಿನಲ್ಲಿ, ಇಷ್ಟು ಕಾಲದಲ್ಲಿ ಮೊದಲ ಬಾರಿಗೆ, ಅಚ್ಚಿನ ಕೆಳಗೆ ಕೈಯಲ್ಲಿ ಒಂದು ಸಾಲು ಬರೆದಿದ್ದ. ‘ಇನ್ನೂ ಹಿತ್ತಾಳೆಯೇನೋ?’ ಅಂತ. ಕೆಣಕುವುದೆಂದರೆ ಅವನಿಗೆ ಅಷ್ಟು ಇಷ್ಟ. ನಾನು ಉತ್ತರ ಕೊಡಲಿಲ್ಲ. ಈಗ ಕೇಳುತ್ತಿದ್ದೇನೆ: ಹಿತ್ತಾಳೆ ಹಾಕಲೇ? ಅವನನ್ನೇ ಬರೆಯಲು ಹೇಳಿ. ಹೆಂಡತಿಯ ಸೆರಗಿನ ಹಿಂದೆ ಅಡಗಬೇಡ ಎನ್ನಿ.

ಕಮಿಜೊ ರ್ಯೂಜಿ


ಸಾಸೆಬೊ
೨೨ ನವೆಂಬರ್ ೨೦೧೬

ಕಮಿಜೊ ಸಾನ್ ಅವರಿಗೆ,

ಬೆಳಗಿನ ಹೊತ್ತು ಬಂದರಿನ ಮೇಲೆ ಮಂಜು. ಹಡಗುಗಳು ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ.

ನಿಮ್ಮ ಪತ್ರವನ್ನು ಇವರ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಏನೂ ಅನ್ನಲಿಲ್ಲ. ನಗುತ್ತಲೇ ಇದ್ದಾರೆ. ಇವರು ಈಗ ಪತ್ರ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹಿತ್ತಾಳೆಯ ವಿಷಯ ಕೇಳಿದ್ದೀರಿ. ಇರಲಿ ಬಿಡಿ. ದಪ್ಪ ತಂತಿಯ ಜರ್ರ್ ಒಂದು ಹೋದರೆ ಸಾಕು. ಇವರಿಗೆ ಬೇಕಾಗಿದ್ದೂ ಅಷ್ಟೇ.

ಇವಾನಗ ಸುಮಿಯೊ


ಮಾತ್ಸುಮೊತೊ
೧೧ ಡಿಸೆಂಬರ್ ೨೦೧೬

ಸುಮಿಯೊ ಸಾನ್,

ಹಿಮ ಬಿದ್ದಿದೆ, ಕಾರ್ಖಾನೆಯ ಬಾಗಿಲ ತನಕ ಸಲಿಕೆಯಲ್ಲಿ ದಾರಿ ಮಾಡಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಮನಸ್ಸು ಮಾತ್ರ ಬೆಚ್ಚಗಿದೆ.

ಅಂತೂ ಒಪ್ಪಿದ! ಇರಲಿ ಎಂದನೇ! ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ತೋರಿಸಿದೆ. ‘ನೋಡು, ತಮೊತ್ಸು ಸೋತ’ ಎಂದೆ. ಅವಳು ‘ವಯಸ್ಸಾದ ಮೇಲೆ ಎಲ್ರಿಗೂ ಬುದ್ಧಿ ಬರತ್ತೆ, ನಿಮ್ಮೊಬ್ಬರನ್ನ ಬಿಟ್ಟು’ ಎಂದಳು. ಏನೂ ಅನ್ನದೆ ನಗುತ್ತಾ ಕೂತಿದ್ದ ಎಂದು ಬರೆದಿದ್ದೀರಲ್ಲ, ಆ ನಗು ನನಗೆ ಗೊತ್ತು. ಚದುರಂಗದಲ್ಲಿ ರಾಜ ಸಿಕ್ಕಿಬಿದ್ದಾಗ ಹಾಗೇ ನಗುತ್ತಿದ್ದ.

ಕೆಲಸ ಮುಗಿದಿದೆ. ಒಳ್ಳೆಯ ಹಿತ್ತಾಳೆ, ಬಹಳ ಹಿಂದೆ ತೆಗೆದಿಟ್ಟ ತುಂಡು. ಅರ ಹಾಕುವಾಗ ಒಂದು ಕಚ್ಚನ್ನೂ ನನ್ನ ಮಗನ ಕೈಗೆ ಬಿಡಲಿಲ್ಲ, ನಾನೇ ಕೊರೆದೆ. ತಂತಿಯ ಅರ್ಧ ಒಳಗೆ, ಅರ್ಧ ಹೊರಗೆ, ತಲೆಯ ಕಡೆಗೆ ಸಣ್ಣ ಇಳಿಜಾರು. ಅಪ್ಪ ಕಲಿಸಿದ್ದು ಹಾಗೆ, ಅವನಿಗೂ ನನಗೂ ಒಂದೇ ದಿನ ಒಂದೇ ಬೆಂಚಿನ ಮೇಲೆ. ದಪ್ಪ ತಂತಿ ಮೀಟಿ ನೋಡಿ, ಅದರ ದನಿ ಕೋಣೆಯ ಮೂಲೆಯವರೆಗೂ ಹೋಗಿ ಬರುತ್ತದೆ.

ಹಳೆಯ ನಟ್ಟು ಸುತ್ತಿಗೆಯ ಒಂದು ಏಟಿಗೆ ಎರಡಾಯಿತು. ಒಲೆಗೆ ಹಾಕಿದೆ. ಕಾರ್ಖಾನೆಯೆಲ್ಲ ಸಾರಿನ ವಾಸನೆ, ಕೆಲಸದವರು ಊಟದ ಹೊತ್ತಾಯಿತೇ ಎಂದು ತಲೆ ಎತ್ತಿದರು. ಇದನ್ನೂ ಅವನ ಮುಂದೆ ಗಟ್ಟಿಯಾಗಿ ಓದಿ.

ಪೆಟ್ಟಿಗೆಯಲ್ಲಿ ಶ್ಯಾವಿಗೆ ಇದೆ, ವರ್ಷದ ಕೊನೆಯ ದಿನಕ್ಕೆ. ನಮ್ಮಲ್ಲಿದ್ದಾಗ ಅವನು ಪಾತ್ರೆ ತಳ ಕಾಣುವವರೆಗೂ ತಿನ್ನುತ್ತಿದ್ದ. ಮಾರ್ಚಿನಲ್ಲಿ ಎಲ್ಲಿ ನುಡಿಸುತ್ತೀರಿ ಎಂದು ಬರೆಯಲೇ ಇಲ್ಲ. ಕರೆದರೆ ಬರುತ್ತೇನೆ. ಕರೆಯದಿದ್ದರೂ ಬಂದೇನು.

ರ್ಯೂಜಿ


ಹೊಸವರ್ಷದ ಕಾರ್ಡು
೧ ಜನವರಿ ೨೦೧೭

ಇವಾನಗ ತಮೊತ್ಸು ಅವರಿಗೆ,

ಹೊಸ ವರ್ಷದ ಶುಭಾಶಯಗಳು.

ಕೋಳಿಯ ವರ್ಷ ಬಂತು ತಮೊತ್ಸು, ಇನ್ನಾದರೂ ಬಾಯಿ ಬಿಟ್ಟು ಕೂಗೋ. ಗಿಟಾರು ತಲುಪಿತೋ ಇಲ್ಲವೋ, ನಿನ್ನ ಮನೆಯವರಿಂದ ಒಂದು ಅಕ್ಷರ ಇಲ್ಲ. ಶ್ಯಾವಿಗೆ ಒಬ್ಬನೇ ತಿಂದು ಮಲಗಿದೆಯಾ? ಹೋದ ವರ್ಷ ಕೇಳಿದ್ದೆಯಲ್ಲ, ಉತ್ತರ ಇದು: ಹೌದು, ಇನ್ನೂ ಹಿತ್ತಾಳೆಯೇ. ನಿನ್ನ ಮನೆಯಲ್ಲೂ.

ನೂರು ವರ್ಷ ಬಾಳು, ಇನ್ನಷ್ಟು ಜಗಳ ಬಾಕಿ ಇದೆ.

ರ್ಯೂ


ಅಂಚೆ ಕಾರ್ಡು
೮ ಜನವರಿ ೨೦೧೭

ಕಮಿಜೊ ರ್ಯೂಜಿ ಅವರಿಗೆ,

ಚಳಿಗಾಲದ ವಂದನೆಗಳು.

ನಿಮ್ಮ ಹೊಸವರ್ಷದ ಶುಭಾಶಯ ತಲುಪಿತು. ನಮ್ಮ ಮನೆಯಲ್ಲಿ ಸೂತಕವಿರುವುದರಿಂದ ತಿರುಗಿ ಶುಭಾಶಯ ಹೇಳಲಾರೆವು. ಪತಿ ತಮೊತ್ಸು ಹೋದ ವರ್ಷ ಮಾರ್ಚ್ ಒಂಬತ್ತರಂದು ತೀರಿಕೊಂಡರು. ಮೊದಲೇ ತಿಳಿಸದಿದ್ದಕ್ಕೆ ಕ್ಷಮಿಸಿ.

ಇವಾನಗ ಸುಮಿಯೊ


ಮಾತ್ಸುಮೊತೊ
೧೨ ಜನವರಿ ೨೦೧೭

ಸುಮಿಯೊ ಸಾನ್,

ಕಾರ್ಡು ಬಂತು. ಹಿಮ, ಚಳಿ ಎಂದೆಲ್ಲ ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ ಒಂಬತ್ತು. ಹೋದ ಮಾರ್ಚ್. ಅಂದರೆ ಬೆಂಚಿನ ಮೇಲೆ ಕೂರದ ಸೋಮಾರಿ ಎಂದು ನಾನು ಅವನನ್ನು ಆಡಿಕೊಂಡಾಗ ಅವನು ಇರಲಿಲ್ಲ. ಸೋತ ಎಂದು ಕುಣಿದಾಗ ಇರಲಿಲ್ಲ. ನೀವು ಪತ್ರವನ್ನು ಗಟ್ಟಿಯಾಗಿ ಓದಿದ್ದು ಫೋಟೋದ ಮುಂದೆ. ನಗುತ್ತಿದ್ದದ್ದು ಫೋಟೋ. ನೂರು ವರ್ಷ ಬಾಳು ಎಂದು ನಾನು ಬರೆದ ಕಾರ್ಡನ್ನು ಹಬ್ಬದ ಬೆಳಿಗ್ಗೆ ನಿಮ್ಮ ಕೈಗೆ ಕೊಟ್ಟು ಹೋದನಲ್ಲ ಅಂಚೆಯವನು!

ನಾನು ಮಾಡಿದ್ದಕ್ಕೆ ತಲೆ ಬಾಗುತ್ತೇನೆ. ನೆಲಕ್ಕೆ ಹಣೆ ತಾಗಿಸಿ ಕ್ಷಮೆ ಕೇಳುತ್ತೇನೆ. ಆದರೆ ಸುಮಿಯೊ ಸಾನ್, ಕೋಪವೂ ಬರುತ್ತಿದೆ, ಬಚ್ಚಿಡುವುದಿಲ್ಲ. ನನಗೇಕೆ ತಿಳಿಸಲಿಲ್ಲ? ಮನೆಯಲ್ಲಿ ಸಾವಾಗಿದೆ, ಈ ಸಲ ಹೊಸವರ್ಷದ ಶುಭಾಶಯ ಬೇಡ ಎಂದು ನವೆಂಬರಿನಲ್ಲೇ ಎಲ್ಲರಿಗೂ ಸೂತಕದ ಕಾರ್ಡು ಕಳಿಸಿರುತ್ತೀರಿ. ಎಲ್ಲರಿಗೂ, ನನ್ನೊಬ್ಬನನ್ನು ಬಿಟ್ಟು. ಅದೇ ತಿಂಗಳು ನನಗೆ ಎರಡು ಪತ್ರ ಬರೆದಿರಿ. ಒಂದರಲ್ಲೂ ಒಂದು ಸಾಲು ಇರಲಿಲ್ಲ. ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಉಂಡವನು ನಾನು. ನಾನು ಅಷ್ಟು ಹೊರಗಿನವನೇ?

ಗೊತ್ತಿದ್ದರೆ ಆ ನಟ್ಟನ್ನು ಮುಟ್ಟುತ್ತಿದ್ದೆನೆ? ನೀವೇ ಬರೆದಿರಿ, ಇರಲಿ ಬಿಡಿ ಎಂದು. ಹಿತ್ತಾಳೆ ಇರಲಿ ಎಂದು ಓದಿದೆ. ಬೇರೆ ಹೇಗೆ ಓದಬೇಕಿತ್ತು?

ಕಮಿಜೊ ರ್ಯೂಜಿ


ಸಾಸೆಬೊ
೨೦ ಜನವರಿ ೨೦೧೭

ಕಮಿಜೊ ಸಾನ್,

ನೀವು ಕೇಳಿದ್ದೀರಿ, ಹೇಳುತ್ತೇನೆ.

ಹೊಟ್ಟೆಯ ಕ್ಯಾನ್ಸರ್. ಹೋದ ಚಳಿಗಾಲದಲ್ಲಿ ಅನ್ನ ಇಳಿಯುವುದು ನಿಂತಿತು. ದನದ ಕಾಲಿನ ಮೂಳೆ ತಂದು ಕುದಿಸಿ ತಿಳಿಸಾರು ಮಾಡಿ ಚಮಚದಲ್ಲಿ ಕುಡಿಸುತ್ತಿದ್ದೆ. ಗಿಟಾರಿನ ಹಳೆಯ ಪಟ್ಟಿ ಸೀಳಿದ್ದು ಆಗಲೇ. ಅಂಗಡಿಯಿಂದ ತರಿಸೋಣ ಎಂದೆ. ‘ಆ ಮೂಳೆ ಬಿಸಾಕ್ಬೇಡ ಕಣೇ, ತೊಳೆದು ಇಲ್ಲಿ ಕೊಡು’ ಎಂದರು. ನೀವು ಮೂಗಿನಲ್ಲಿ ಹಿಡಿದದ್ದು ಸರಿಯೇ, ಅದು ಸಾರಿನ ಮೂಳೆ. ಇವರು ಬದುಕಿದ್ದು ಆ ಸಾರಿನ ಮೇಲೆ.

ಹಾಸಿಗೆಯ ಮೇಲೆ ದಿಂಬು ಒರಗಿಸಿ ಕೂರಿಸುತ್ತಿದ್ದೆ. ಸ್ವಲ್ಪ ಉಜ್ಜುವುದು, ಸುಸ್ತಾಗಿ ಮಲಗುವುದು, ಮತ್ತೆ ಏಳುವುದು. ಪುಡಿ ಹೊದಿಕೆಯ ಮೇಲೆಲ್ಲ ಬೀಳುತ್ತಿತ್ತು, ನಾನು ಗೊಣಗುತ್ತಿದ್ದೆ. ಕೊನೆಗೆ ದಪ್ಪ ತಂತಿಯ ಕಚ್ಚು. ಕೈ ನಡುಗಿ ಅರ ಜಾರಿ ಆಳಕ್ಕೆ ಇಳಿಯಿತು. ಅವತ್ತು ಇವರು ಅತ್ತರು. ನೋವಿಗೆ ಒಂದು ದಿನವೂ ಅತ್ತಿರಲಿಲ್ಲ.

ಆಮೇಲೆ ‘ಇದನ್ನ ರ್ಯೂಗೆ ಕಳ್ಸು, ಸರಿ ಮಾಡ್ತಾನೆ’ ಎಂದರು.

‘ನೋಡಿದ್ರೆ ಆಡ್ಕೊಂಡು ನಗ್ತಾರೆ ಅವರು’ ಎಂದೆ.

‘ನಗ್ಲಿ. ನಗ್ತಾನೆ, ಬೈತಾನೆ, ಎಲ್ಲಾ ಮಾಡ್ತಾನೆ. ಬಿಸಾಕಲ್ಲ. ನನ್ನ ಕೈ ಯಾವತ್ತು ಇಂಥಾ ಸೊಟ್ಟ ಕೆಲಸ ಮಾಡಿದೆ? ನೋಡಿದ ತಕ್ಷಣ ಅವನಿಗೆ ಗೊತ್ತಾಗತ್ತೆ.’

ನಿಮ್ಮ ಮೊದಲ ಪತ್ರ ಬಂದಾಗ ನಗು ಬಂತು, ಇವರು ಹೇಳಿದ ಹಾಗೇ ಇದೆಯಲ್ಲ ಎಂದು. ನಕ್ಕಿದ್ದೀರಿ, ಬೈದಿದ್ದೀರಿ. ಇನ್ನು ಗೊತ್ತಾಗುತ್ತದೆ ಎಂದು ಕಾದೆ. ಒಂದು ಬದಿ ದಪ್ಪ, ಒಂದು ಬದಿ ತೆಳು, ಎಲ್ಲವನ್ನೂ ಕಂಡಿರಿ. ಏಕೆ ಹಾಗಾಯಿತು ಎಂದು ಮಾತ್ರ ಕೇಳಲಿಲ್ಲ.

ಇರಲಿ ಬಿಡಿ ಎಂದದ್ದು ಹಳೆಯದೇ ಇರಲಿ, ಹಿತ್ತಾಳೆಯ ಮಾತು ಬಿಡಿ ಎಂದು. ಕಚ್ಚು ತುಂಬಿಸಿ ಎಂದು ಮೊದಲ ಪತ್ರದಲ್ಲಿ ಬರೆದದ್ದು ಸಾಲದಾಯಿತೆ?

ಹೊರಗಿನವನೇ ಎಂದು ಕೇಳಿದ್ದೀರಿ. ನಿಮ್ಮ ತಂದೆ ತೀರಿಕೊಂಡ ವರ್ಷ ನೀವು ಇವರಿಗೆ ಸೂತಕದ ಕಾರ್ಡು ಕಳಿಸಲಿಲ್ಲ. ಇವರು ಪ್ರತಿವರ್ಷದಂತೆ ‘ಗುರುಗಳಿಗೆ ಹೊಸ ವರ್ಷದ ಶುಭಾಶಯಗಳು’ ಎಂದು ಕಾರ್ಡು ಹಾಕಿದರು. ಸತ್ತ ಮನೆಗೆ ಶುಭಾಶಯ. ಬೇಸಿಗೆಯಲ್ಲಿ ಯಾರೋ ಮರದ ವ್ಯಾಪಾರಿ ಬಂದು ಮಾತಿನ ನಡುವೆ ಹೇಳಿದಾಗಲೇ ಗೊತ್ತಾದದ್ದು. ಅವತ್ತು ಇವರು ಊಟ ಮಾಡಲಿಲ್ಲ. ‘ರ್ಯೂ ನನ್ನ ಕೈಲಿ ಏನು ಮಾಡಿಸಿಬಿಟ್ಟ’ ಎಂದರು. ನನ್ನ ಕಾರ್ಡುಗಳ ಪಟ್ಟಿಯಿಂದ ನಿಮ್ಮ ಹೆಸರು ತಪ್ಪಿದ್ದು ಮರೆವಿನಿಂದಲ್ಲ. ನಿಮಗೂ ಗೊತ್ತಾಗಲಿ ಎಂದೇ ಬಿಟ್ಟೆ. ಗಿಟಾರು ಸರಿಯಾಗಿ ಬಂದ ಮೇಲೆ, ಮಾರ್ಚಿನ ವರ್ಷಾಬ್ದಿಗೆ ಕರೆಯುವಾಗ ತಿಳಿಸೋಣ ಎಂದಿತ್ತು. ಅಷ್ಟರಲ್ಲಿ ಒಲೆಯ ಸುದ್ದಿ ಬಂತು.

ದಹನವಾದ ಮೇಲೆ ಮೂಳೆ ಆರಿಸುವಾಗ, ಒಂದೊಂದನ್ನೂ ಇಬ್ಬರು ಸೇರಿ ಕಡ್ಡಿಗಳಲ್ಲಿ ಹಿಡಿದು ಎತ್ತಬೇಕಲ್ಲ, ಇವರ ಕಡೆಯವರೆಂದು ನನ್ನ ಜೊತೆ ಕಡ್ಡಿ ಹಿಡಿಯಲು ಯಾರೂ ಇರಲಿಲ್ಲ. ಬಾರಿನಲ್ಲಿ ಡ್ರಮ್ ಬಾರಿಸುವವರು ಹಿಡಿದರು. ಕಾಲಿನಿಂದ ಶುರು ಮಾಡಿ ತಲೆಯವರೆಗೆ, ಒಂದೂ ಕೆಳಗೆ ಬೀಳದ ಹಾಗೆ. ಅಷ್ಟು ಜೋಪಾನವಾಗಿ ನಾನು ಮೂಳೆ ಎತ್ತಿದವಳು, ಕಮಿಜೊ ಸಾನ್. ನೀವು ಎತ್ತಿ ಒಲೆಗೆ ಹಾಕಿ, ಸಾರಿನ ವಾಸನೆ ಬಂತು ಎಂದು ಬರೆದಿರಿ.

ಇವಾನಗ ಸುಮಿಯೊ


ಮಾತ್ಸುಮೊತೊ
೧೬ ಫೆಬ್ರವರಿ ೨೦೧೭

ಸುಮಿಯೊ ಸಾನ್,

ನಿಮ್ಮ ಪತ್ರ ಬಂದ ಮೇಲೆ ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಪ್ರತಿ ಸಲ ಬರೆದು ಓದಿದರೆ ನನ್ನ ಪರವಾಗಿ ನಾನೇ ವಾದ ಮಾಡಿದಂತೆ ಇರುತ್ತಿತ್ತು.

ಒಲೆಯ ಬೂದಿಯನ್ನು ನಾವು ಈರುಳ್ಳಿ ಮಡಿಗೆ ಚೆಲ್ಲುತ್ತೇವೆ. ಅದರ ಮೇಲೆ ಹಿಮ ಕೂತಿದೆ. ಆದರೂ ಸಲಿಕೆ, ಜರಡಿ ತೆಗೆದುಕೊಂಡು ಹೋದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ‘ನಿಮಗೇನು ತಲೆ ಕೆಟ್ಟಿದೆಯಾ’ ಎಂದಳು. ಹೌದೆಂದೆ. ಬೆರಳು ಮರಗಟ್ಟುವವರೆಗೂ ಜಾಲಿಸಿದೆ. ಏನೂ ಸಿಗಲಿಲ್ಲ.

ಅಪ್ಪ ಹೋದಾಗ ತಿಳಿಸದಿದ್ದದ್ದು ನಿಜ. ಸಾಯುವ ಮುಂಚೆ ಅಪ್ಪ ಕೇಳಿದ್ದು ಅವನನ್ನು. ‘ತಮೊತ್ಸು ಬಂದ್ನಾ’ ಎಂದು ನನ್ನ ಕೈ ಹಿಡಿದುಕೊಂಡೇ ಕೇಳಿದರು. ಅದಾದ ಮೇಲೆ ಸೂತಕದ ಕಾರ್ಡಿನ ಮೇಲೆ ಅವನ ವಿಳಾಸ ಬರೆಯಲು ನನಗೆ ಆಗಲಿಲ್ಲ. ಇದು ಸಮಜಾಯಿಷಿ ಅಲ್ಲ. ಕೇಳಿದಿರಿ, ಹೇಳಿದೆ.

ತನ್ನ ಕೈಯ ಸೊಟ್ಟ ನೋಡಿದರೆ ನನಗೆ ಗೊತ್ತಾಗುತ್ತದೆ ಎಂದನಲ್ಲ. ಗೊತ್ತಾಗಿತ್ತು ಸುಮಿಯೊ ಸಾನ್. ಪೆಟ್ಟಿಗೆ ಬಿಚ್ಚಿದ ದಿನವೇ, ಇದು ಅವನ ಕೈಕೆಲಸವಲ್ಲ, ಏನೋ ಆಗಿದೆ ಎಂದು ಒಂದು ಕ್ಷಣ ಹೊಳೆಯಿತು. ಅದರ ಬೆನ್ನಿಗೇ ಖುಷಿಯಾಯಿತು. ಅಂತೂ ಅವನ ಕೈ ಕೆಟ್ಟಿತಲ್ಲ ಎಂದು. ಆ ಖುಷಿಯಲ್ಲೇ ಮುಂದಿನದೆಲ್ಲ ಬರೆದೆ.

ಹದ ಮಾಡಿದ ಮೂಳೆ ತೆಗೆದುಕೊಂಡು ಹೊಸದೊಂದನ್ನು ಕೊರೆದಿದ್ದೇನೆ. ಅವನದರ ಹಾಗೇ, ಒಂದು ಬದಿ ದಪ್ಪ, ಒಂದು ಬದಿ ತೆಳು, ದಪ್ಪ ತಂತಿಗೆ ಆಳದ ಕಚ್ಚು, ಎಲ್ಲ ಹಾಗೇ ಬರಲಿ ಎಂದು ಹೊರಟೆ. ಬರಲಿಲ್ಲ. ಎಷ್ಟು ಸಲ ಮಾಡಿದರೂ ನನ್ನ ಕೈ ನೆಟ್ಟಗೇ ಕೊರೆಯುತ್ತದೆ.

ಒಂಬತ್ತನೇ ತಾರೀಖು ಬರಲೇ? ಊದುಬತ್ತಿ ಹಚ್ಚಿ, ಇದನ್ನು ಕೂರಿಸಿ, ಹಿತ್ತಾಳೆ ತೆಗೆದುಕೊಂಡು ಹೊರಟುಬಿಡುತ್ತೇನೆ. ಊಟಕ್ಕೂ ನಿಲ್ಲುವುದಿಲ್ಲ. ಈ ಸಲ ಮಾತ್ರ ದಯವಿಟ್ಟು ಬಿಡಿಸಿ ಬರೆಯಿರಿ. ಬಾ ಎನ್ನಿ, ಬೇಡ ಎನ್ನಿ. ನಮ್ಮೂರಿನಲ್ಲಿ ಇರಲಿ ಬಿಡಿ ಎಂದರೆ ಹೂಂ ಎಂದೂ ಆಗುತ್ತದೆ. ಇನ್ನೊಂದು ಸಲ ತಪ್ಪಾಗಿ ಓದುವ ಶಕ್ತಿ ನನಗಿಲ್ಲ.

ರ್ಯೂಜಿ


ಸಾಸೆಬೊ
೧೩ ಮಾರ್ಚ್ ೨೦೧೭

ಕಮಿಜೊ ಸಾನ್,

ನಿಮ್ಮ ಪತ್ರ ಫೆಬ್ರವರಿಯಲ್ಲೇ ಬಂದಿತ್ತು. ತಾರೀಖು ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಾ ಎನ್ನುವುದೋ ಬೇಡ ಎನ್ನುವುದೋ ಅಷ್ಟರಿಂದಲೇ ಗೊತ್ತಾಗಿರಬೇಕು. ಆದರೂ ಬಿಡಿಸಿ ಬರೆಯಿರಿ ಎಂದಿದ್ದೀರಿ. ಬೇಡವಾಗಿತ್ತು.

ಭಿಕ್ಷುಗಳ ಮಂತ್ರ ಬೆಳಿಗ್ಗೆ ಮುಗಿಯಿತು. ಸಂಜೆ ಬಾರಿನಲ್ಲಿ ಕಪ್ಪು ಬಟ್ಟೆಯಲ್ಲೇ ನುಡಿಸಿದೆ. ನಿಮ್ಮ ಹಿತ್ತಾಳೆಯ ಮೇಲೆಯೇ. ಬೇರೆ ಏನಿತ್ತು ನನ್ನ ಹತ್ತಿರ? ದನಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿ ಕುಡಿಯುವವರು ಮಾತು ನಿಲ್ಲಿಸಿದರು. ಬಾರಿನ ಒಡತಿ ಬಂದು ಕೈ ಹಿಡಿದುಕೊಂಡು, ‘ಸುಮಿಯೊ ಸಾನ್, ಇವತ್ತು ಗಿಟಾರು ಎಷ್ಟು ಚೊಕ್ಕವಾಗಿ ಹಾಡ್ತು ರೀ. ನಿಮ್ಮೆಜಮಾನ್ರು ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು’ ಎಂದಳು. ಹೌದು ಎಂದೆ. ದಪ್ಪ ತಂತಿ ಒಂದು ಸಲವೂ ಜರ್ರ್ ಎನ್ನಲಿಲ್ಲ. ಎಲ್ಲಾದರೂ ಎನ್ನಬಹುದೇ ಎಂದು ಕೊನೆಯವರೆಗೂ ಕಾಯುತ್ತಲೇ ನುಡಿಸಿದೆ.

ಮರುದಿನ ತಂತಿ ಬಿಚ್ಚಿ, ಇವರ ಸುತ್ತಿಗೆಯಲ್ಲೇ ತಟ್ಟಿ ಹಿತ್ತಾಳೆಯನ್ನು ತೆಗೆದೆ. ಈ ಲಕೋಟೆಯಲ್ಲಿದೆ, ನಿಮ್ಮ ವಸ್ತು ನಿಮಗೆ. ಮೂಳೆಯದನ್ನು ಕಳಿಸಬೇಡಿ. ನೆಟ್ಟಗೆ ಕೊರೆದದ್ದು ನನಗೆ ಬೇಡ. ಇವರ ಅರ ನನ್ನ ಹತ್ತಿರ ಇದೆ, ಕಾಲಿನ ಮೂಳೆ ಯಾವ ಮಾಂಸದಂಗಡಿಯಲ್ಲೂ ಸಿಗುತ್ತದೆ. ಕೊರೆಯಲು ನನಗೆ ಬರುವುದಿಲ್ಲ. ಗಿಟಾರು ತಂತಿಯಿಲ್ಲದೆ ಗೋಡೆಗೆ ಒರಗಿದೆ. ಶನಿವಾರ ಬರುವುದಿಲ್ಲ ಎಂದು ಬಾರಿನವರಿಗೆ ಹೇಳಿ ಬಂದೆ.

ನಿಮ್ಮ ತಂದೆ ಕೊನೆಯಲ್ಲಿ ಕೇಳಿದ ಮಾತನ್ನು ಫೋಟೋದ ಮುಂದೆ ಗಟ್ಟಿಯಾಗಿ ಓದಿದೆ. ಅದೊಂದನ್ನು ಇವರು ಬದುಕಿದ್ದಾಗ ಕೇಳಬೇಕಿತ್ತು.

ಕ್ಷಮೆ ಕೇಳಿದ್ದೀರಿ. ಇರಲಿ ಬಿಡಿ.

ಅದನ್ನು ಹೇಗೆ ಓದಿಕೊಳ್ಳಬೇಕೆಂದು ಈ ಸಲವೂ ನಿಮಗೇ ಬಿಟ್ಟಿದ್ದೇನೆ.

ಇವಾನಗ ಸುಮಿಯೊ